ಗಾರ್ಸ್ ಪೊದೆ ಎಲ್ಲ ತಿಂಗಳೂ ಹೂ ಬಿಡುವುದೇಕೆ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಹೊಸ ಮಡಕೆಗೆ ನೀರು ತುಂಬಿದರೆ ಹಸಿ ಮಣ್ಣಿನ ವಾಸನೆ ಬರುತ್ತದಲ್ಲ, ಹಾಗೆ. ಬೆಟ್ಟಗಳು ಆಗಷ್ಟೇ ಬಂದು ಕೂತಿದ್ದವು. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ, ಗಿಡ, ದನ, ಮನುಷ್ಯರು ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು. ಹಾಗಾಗಿ ಯಾರು ಯಾರನ್ನು ಬೇಕಾದರೂ ಮಾತಾಡಿಸಬಹುದಿತ್ತು.

ಈ ಕತೆ ನಡೆದದ್ದು ಐರ್ಲೆಂಡಿನಲ್ಲಿ. ಐರ್ಲೆಂಡ್ ಎಂದರೆ ನಮ್ಮಿಂದ ಬಹಳ ದೂರ, ಪಶ್ಚಿಮಕ್ಕೆ, ಕಡಲಿನ ನಡುವೆ ಇರುವ ದ್ವೀಪ. ಅಲ್ಲಿ ಮಳೆ ಹೆಚ್ಚು, ಹುಲ್ಲು ಹೆಚ್ಚು. ಹುಲ್ಲು ಹೆಚ್ಚಿರುವ ಕಡೆ ದನವೂ ಹೆಚ್ಚಿರುತ್ತದೆ. ಅಲ್ಲಿಯ ಜನ ದನ ಸಾಕಿಯೇ ಬದುಕುತ್ತಿದ್ದರು.

ಆ ಕಾಲದಲ್ಲಿ ಸೂರ್ಯ ಪ್ರತಿಯೊಂದು ಗಿಡಕ್ಕೂ ಹೂ ಬಿಡುವ ಸರದಿ ಕೊಟ್ಟಿದ್ದ. ನಿನ್ನ ಸರದಿ ಇಂಥ ತಿಂಗಳು, ನಿನ್ನದು ಇಂಥ ತಿಂಗಳು, ಎಂದು. ಸರದಿ ಬಂದಾಗ ಹೂ ಬಿಡಬೇಕು. ಸರದಿ ಮುಗಿದರೆ ಮತ್ತೆ ಒಂದು ವರ್ಷ ಕಾಯಬೇಕು. ಜಗಳ ಬರಬಾರದು ಎಂದು ಹೀಗೆ ಮಾಡಿದ್ದ.

ಒಂದು ಗುಡ್ಡದ ಮೇಲೆ ಗಾರ್ಸ್ ಎಂಬ ಮುಳ್ಳುಪೊದೆ ದೊಡ್ಡದಾಗಿ ಹಬ್ಬಿಕೊಂಡಿತ್ತು. ಅದಕ್ಕೆ ಎಲೆ ಇರಲಿಲ್ಲ ಎಂದೇ ಹೇಳಬೇಕು. ಎಲೆ ಇರಬೇಕಾದ ಕಡೆಯಲ್ಲೆಲ್ಲ ಹಸಿರು ಮುಳ್ಳು. ಮೊಲ ಹತ್ತಿರ ಬಂದರೆ ಮೂಗಿಗೆ ಚುಚ್ಚುತ್ತಿತ್ತು, ಮೇಕೆ ಬಂದರೆ ತುಟಿಗೆ ಚುಚ್ಚುತ್ತಿತ್ತು. ಅದರ ಹೂವಿನ ಸರದಿ ವಸಂತದಲ್ಲಿ, ಅದೂ ಕೆಲವೇ ದಿನ. ಆ ಕೆಲವು ದಿನಕ್ಕಾಗಿ ಪೊದೆ ವರ್ಷವೆಲ್ಲ ಕಾಯುತ್ತಿತ್ತು. ಚಳಿಗಾಲದಲ್ಲೇ ಕೊಂಬೆಯ ತುದಿಗಳಲ್ಲಿ ಸಣ್ಣ ಸಣ್ಣ ಮೊಗ್ಗು ಕಟ್ಟಿ, ಮುಳ್ಳುಗಳ ನಡುವೆ ಬಚ್ಚಿಟ್ಟುಕೊಂಡು ಕೂರುತ್ತಿತ್ತು.

ಗುಡ್ಡದ ಬುಡದಲ್ಲಿ ಸೈವ್ ಎಂಬ ಅಜ್ಜಿಯ ಮನೆ. ಕಲ್ಲಿನ ಗೋಡೆ, ಹುಲ್ಲಿನ ಚಾವಣಿ, ಒಂದೇ ಉದ್ದನೆಯ ಕೋಣೆ. ಕೋಣೆಯ ಮೇಲಿನ ತುದಿಯಲ್ಲಿ ಒಲೆ. ಅಲ್ಲಿ ಅಜ್ಜಿ ಮತ್ತು ಮೊಮ್ಮಗಳು ರೋಶೀನ್ ಮಲಗುತ್ತಿದ್ದರು. ಕೆಳಗಿನ ತುದಿಯಲ್ಲಿ ಬಾನ್ಯ ಮಲಗುತ್ತಿದ್ದಳು. ಬಾನ್ಯ ಎಂದರೆ ಅವರ ಹಸು. ಕಪ್ಪು ಬಣ್ಣ, ಸಣ್ಣ ಮೈ, ದೊಡ್ಡ ಕಣ್ಣು.

ಹಸು ಮನೆಯೊಳಗೇ ಏಕೆ ಎಂದು ನೀವು ಕೇಳಬಹುದು. ಅಲ್ಲಿಯ ಚಳಿಗೆ ಹಸುವಿನ ಮೈಯ ಕಾವು ಮನೆಗೆ ಬೇಕು, ಮನೆಯ ಬೆಂಕಿಯ ಕಾವು ಹಸುವಿಗೆ ಬೇಕು. ಇನ್ನೊಂದು ಕಾರಣವೂ ಇತ್ತು. ಹಸು ಬೆಂಕಿಯನ್ನು ನೋಡುತ್ತಾ ಮಲಗಿದರೆ ಹಾಲು ಹೆಚ್ಚು ಕೊಡುತ್ತದೆ ಎಂದು ಆ ಜನ ನಂಬಿದ್ದರು. ಅದಕ್ಕೇ ಹಸುವಿಗೂ ಒಲೆಗೂ ನಡುವೆ ಯಾರೂ ಗೋಡೆ ಕಟ್ಟುತ್ತಿರಲಿಲ್ಲ. ರೋಶೀನ್ ಮರೆತು ಅಡ್ಡ ನಿಂತರೆ ಅಜ್ಜಿ, "ಪಕ್ಕಕ್ಕೆ ಸರಿ ಮಗಾ, ಬಾನ್ಯಳಿಗೆ ಬೆಂಕಿ ಕಾಣಿಸುತ್ತಿಲ್ಲ," ಎನ್ನುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಹುಲ್ಲು ಸೊಂಟದ ತನಕ ಬೆಳೆಯಿತು. ಊರಿನವರೆಲ್ಲ ಕೊಯ್ದರು. ಕೊಯ್ದು ಏನು ಮಾಡಿದರು? ಅಷ್ಟನ್ನೂ ಮನೆಗಳಿಗೆ ಹೊದಿಸಿದರು. ದಪ್ಪನೆಯ, ಚೆಂದದ ಚಾವಣಿಗಳಾದವು. ದನಗಳಿಗೆಂದು ಒಂದು ಹೊರೆಯನ್ನೂ ಎತ್ತಿಡಲಿಲ್ಲ. ಅವರು ದಡ್ಡರಲ್ಲ. ಆದರೆ ಅದು ಲೋಕದ ಮೊದಲ ದೊಡ್ಡ ಚಳಿಗಾಲಕ್ಕೆ ಮುಂಚಿನ ಬೇಸಿಗೆ. ಹುಲ್ಲು ನಿಂತುಹೋಗಬಹುದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಮಳೆ ಸುರಿಯುವುದು ಮಾತ್ರ ಗೊತ್ತಿತ್ತು. ಆದ್ದರಿಂದ ಹುಲ್ಲನ್ನೆಲ್ಲ ಮಳೆಗೆ ಅಡ್ಡ ಇಟ್ಟರು.

ಆಮೇಲೆ ಚಳಿ ಬಂತು. ಬಂದದ್ದು ಹೋಗಲಿಲ್ಲ.

ಹೊಲದ ಹುಲ್ಲು ಮೊದಲು ಹಳದಿಯಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಇಲ್ಲವಾಯಿತು. ಬಾನ್ಯ ದಿನವೆಲ್ಲ ಹೊಲ ಸುತ್ತಿ, ಹೊಟ್ಟೆ ಒಳಗೆ ಎಳೆದುಕೊಂಡು ಮನೆಗೆ ಬರುತ್ತಿದ್ದಳು. ಅವಳು ಗಬ್ಬವಾಗಿದ್ದಳು. ಕರು ಹುಟ್ಟಬೇಕಾದದ್ದು ವಸಂತದಲ್ಲಿ. ಕರು ಹುಟ್ಟಿದರೆ ಹಾಲು, ಹಾಲಿದ್ದರೆ ರೋಶೀನಳಿಗೆ ಊಟ. ಆಲೂಗಡ್ಡೆ ಎಂಬುದು ಆ ದ್ವೀಪಕ್ಕೆ ಬರುವುದು ಇನ್ನೂ ಎಷ್ಟೋ ಕಾಲದ ಮೇಲೆ. ಅಲ್ಲಿಯ ಮಕ್ಕಳಿಗೆ ಆಗ ಹಾಲೇ ಊಟ, ಮೊಸರೇ ಊಟ, ಬೆಣ್ಣೆಯೇ ಹಬ್ಬ.

"ಅಜ್ಜೀ, ಬಾನ್ಯ ಯಾಕೆ ಮೆಲುಕು ಹಾಕುತ್ತಿಲ್ಲ?" ಎಂದು ರೋಶೀನ್ ಕೇಳಿದಳು.

"ಮೆಲುಕು ಹಾಕಲು ಒಳಗೆ ಏನಾದರೂ ಇರಬೇಕಲ್ಲ ಮಗಾ," ಎಂದಳು ಸೈವ್.

ಅವಳು ತಲೆಯೆತ್ತಿ ನೋಡಿದಳು. ಮೇಲೆ ಚಾವಣಿ. ಚಾವಣಿಯೆಂದರೆ ಹುಲ್ಲು. ಅವಳು ಏಣಿ ಹಾಕಿ ಹತ್ತಿ, ಒಳಗಿನಿಂದ ಒಂದು ಹಿಡಿ ಎಳೆದು ಬಾನ್ಯಳ ಮುಂದೆ ಹಾಕಿದಳು. ಬಾನ್ಯ ಮೂಸಿದಳು. ಹುಲ್ಲು ಒಲೆಯ ಹೊಗೆ ಕುಡಿದು ಕಹಿಯಾಗಿತ್ತು. ಆದರೂ ತಿಂದಳು.

ಮಾರನೆಯ ದಿನ ಇನ್ನೊಂದು ಹಿಡಿ. ಅದರ ಮಾರನೆಯ ದಿನ ಇನ್ನೊಂದು. ಮನೆಯ ಮೇಲೆ ಮೊದಲು ನಕ್ಷತ್ರದಷ್ಟು ಬೆಳಕು ಕಂಡಿತು, ಆಮೇಲೆ ತಟ್ಟೆಯಷ್ಟು, ಆಮೇಲೆ ಬಾಗಿಲಿನಷ್ಟು.

ಪಕ್ಕದ ಮನೆಯ ಫಿಂತಾನ್ ಬೇಲಿಯ ಆಚೆ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ಒಂದು ಹಂದಿ, ಕೆಲವು ಕೋಳಿ, ಮತ್ತು ತುಂಬಾ ಬಿಡುವು ಇತ್ತು.

"ಸೈವಕ್ಕ, ನಿನ್ನ ಹಸು ಮನೆ ತಿನ್ನುತ್ತಿದೆ," ಎಂದ.

"ಹಸಿವಾದಾಗ ನಿನ್ನ ಹಂದಿ ನಿನ್ನ ಟೋಪಿ ತಿನ್ನಲಿಲ್ಲವೇ?"

"ತಿಂದಿತು. ಆದರೆ ಟೋಪಿ ಇಲ್ಲದೆ ಬದುಕಬಹುದು." ಫಿಂತಾನ್ ಗಂಭೀರನಾದ. "ನೋಡಕ್ಕ, ಮಳೆ ಒಳಗೆ ಬಂದರೆ ಒಲೆ ಆರುತ್ತದೆ. ಒಲೆ ಆರಿದರೆ ಮಗುವಿನ ಗತಿ ಏನು? ಹಸುವನ್ನು ಉಳಿಸಿಕೋ, ಇಲ್ಲ ಮನೆ ಉಳಿಸಿಕೋ. ಎರಡೂ ಆಗುವ ಮಾತಲ್ಲ."

"ಹಸು ಇಲ್ಲದ ಮನೆ ನನಗೆ ಏತಕ್ಕೆ?" ಎಂದಳು ಸೈವ್. ಆದರೆ ಒಳಗೆ ಅವಳಿಗೂ ಭಯವಾಯಿತು, ಏಕೆಂದರೆ ಫಿಂತಾನ್ ಹೇಳಿದ್ದು ನಿಜ.

ತೂತು ಮುಚ್ಚಬೇಕು. ಹುಲ್ಲಿಲ್ಲ. ಹುಲ್ಲು ಇಲ್ಲದಿದ್ದರೆ ಇನ್ನೇನಾದರೂ ಹಸಿರು ಆದೀತು. ಸೈವ್ ಕುಡುಗೋಲು ಹಿಡಿದು ಗುಡ್ಡ ಹತ್ತಿದಳು. ಮಂಜು ದಟ್ಟವಾಗಿ ಕವಿದಿತ್ತು. ಕಲ್ಲೂ ಬೂದು, ನೆಲವೂ ಬೂದು, ಅವಳ ಕೈಯೇ ಅವಳಿಗೆ ಬೂದು. ತಡವುತ್ತಾ ತಡವುತ್ತಾ ಹೋದಳು. ಕೊನೆಗೆ ಕೈಗೆ ಚುರುಕ್ಕನೆ ಏನೋ ಚುಚ್ಚಿತು.

"ಅಬ್ಬಾ, ಸಿಕ್ಕಿದೆ," ಎಂದಳು.

"ಸಿಕ್ಕಿದ್ದು ನೀನು," ಎಂದಿತು ಗಾರ್ಸ್ ಪೊದೆ. "ಕೈ ತೆಗೆ."

"ತಾಯಿ, ನನ್ನ ಚಾವಣಿಯಲ್ಲಿ ತೂತಾಗಿದೆ. ಹೊದಿಸಲು ನಾಲ್ಕು ಕೊಂಬೆ ಕೊಡು."

"ಬಡಗಣ ಕಡೆ ಮುದಿ ಕೊಂಬೆಗಳಿವೆ, ತೆಗೆದುಕೋ. ತುದಿಗಳನ್ನು ಮಾತ್ರ ಮುಟ್ಟಬೇಡ. ತುದಿಯಲ್ಲಿ ನನ್ನ ಮೊಗ್ಗುಗಳಿವೆ. ನನಗೆ ವರ್ಷಕ್ಕೆ ಒಂದೇ ಸರದಿ."

ಸೈವ್ ಹೇಳಿದಷ್ಟನ್ನೇ ಕೊಯ್ದಳು. ಬರುವಾಗ ಒಂದು ಎಳೆಯ ಕೊಂಬೆ ಅವಳ ಉಣ್ಣೆಯ ಶಾಲಿಗೆ ಸಿಕ್ಕಿ ತಾನಾಗಿಯೇ ಮುರಿದು ಬಂತು. ಅದು ಅವಳಿಗೂ ಗೊತ್ತಾಗಲಿಲ್ಲ, ಪೊದೆಗೂ ಗೊತ್ತಾಗಲಿಲ್ಲ.

ಮನೆಗೆ ತಂದು ಚಾವಣಿಯ ಮೇಲಿಟ್ಟರೆ ಕೊಂಬೆಗಳು ಕೂರಲೊಲ್ಲವು. ಮುಳ್ಳು ಎಲ್ಲ ದಿಕ್ಕಿಗೂ ಸೆಟೆದು ನಿಂತು, ನಡುವೆ ಮಳೆ ಹಾಗೇ ಇಳಿಯುತ್ತಿತ್ತು. ಚಪ್ಪಟೆ ಮಾಡದೆ ಆಗದು ಎಂದುಕೊಂಡು ಸೈವ್ ಫಿಂತಾನನ ಮರದ ಕೊಡತಿ ಇಸಿದುಕೊಂಡಳು. ಕೊಡತಿ ಎಂದರೆ ಹಿಡಿಯಿರುವ ದಪ್ಪ ಮರದ ತುಂಡು, ಗೂಟ ಹೊಡೆಯಲು ಬಳಸುತ್ತಾರಲ್ಲ, ಅದು. ಬಾಗಿಲ ಬಳಿಯ ಹಾಸುಗಲ್ಲಿನ ಮೇಲೆ ಕೊಂಬೆಗಳನ್ನು ಹರಡಿ ದಬ್ ದಬ್ ಎಂದು ಜಜ್ಜಿದಳು. ಮುಳ್ಳುಗಳು ಮುರಿದು ಮೆತ್ತಗಾದವು. ಹಸಿರು ರಸ ಒಸರಿತು.

ಒಳಗೆ ಬಾನ್ಯ ಮೂಗು ಎತ್ತಿದಳು.

ಸೈವ್ ಜಜ್ಜಿದ ಸೊಪ್ಪನ್ನೆಲ್ಲ ಬುಟ್ಟಿಗೆ ತುಂಬಿ, ಏಣಿ ತರಲು ಹಿತ್ತಲಿಗೆ ಹೋದಳು. ತಿರುಗಿ ಬಂದರೆ ಬುಟ್ಟಿ ಖಾಲಿ. ಬಾನ್ಯ ಕಣ್ಣಿ ಕಿತ್ತುಕೊಂಡು ಬಂದು, ಬಾಗಿಲಲ್ಲಿ ನಿಂತು, ಹಾಸುಗಲ್ಲನ್ನು ನೆಕ್ಕುತ್ತಿದ್ದಳು.

"ಒಳಗಿಂದ ತಿಂದದ್ದು ಸಾಲದು ಅಂತ ಈಗ ಹೊರಗಿಂದಲೂ ಶುರು ಮಾಡಿದೆಯಾ?" ಎಂದು ಫಿಂತಾನ್ ಬೇಲಿಯ ಆಚೆಯಿಂದ ಹಸುವನ್ನು ಕೇಳಿದ.

"ಇದು ಹೊಗೆ ಕುಡಿದಿಲ್ಲ," ಎಂದಳು ಬಾನ್ಯ. "ಅದರಲ್ಲೂ ಆ ಎಳೆಯ ತುದಿ ಇತ್ತಲ್ಲ, ಸಿಹಿ. ಅವ್ವಾ, ಇನ್ನೂ ಇದೆಯಾ?"

ಸೈವ್ ಏಣಿಯನ್ನು ಗೋಡೆಗೆ ಒರಗಿಸಿ ಅಲ್ಲೇ ಕೂತುಬಿಟ್ಟಳು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಚಳಿಗಾಲದಲ್ಲೂ ಹಸಿರಾಗಿರುವ ಮೇವು ಗುಡ್ಡದ ಮೇಲೇ ನಿಂತಿತ್ತು. ಮುಳ್ಳಿನ ಹೆದರಿಕೆಗೆ ಯಾರೂ ಅದನ್ನು ಮೇವು ಎಂದುಕೊಂಡಿರಲಿಲ್ಲ. ಜಜ್ಜಿದರೆ ಸಾಕಿತ್ತು. ಆದರೆ ಹಸುವಿಗೆ ಬೇಕಾದದ್ದು ಎಳೆಯ ತುದಿ. ಪೊದೆ ಮುಟ್ಟಬೇಡ ಎಂದದ್ದೂ ಅದೇ ತುದಿಯನ್ನು.

ಮತ್ತೆ ಗುಡ್ಡ ಹತ್ತಿದಳು. ಮತ್ತೆ ಮಂಜು, ಮತ್ತೆ ತಡವಾಟ, ಮತ್ತೆ ಕೈಗೆ ಚುರುಕ್.

"ತಾಯಿ, ನನ್ನ ಹಸುವಿಗೆ ನಿನ್ನ ತುದಿಗಳು ಬೇಕು. ವಸಂತದ ತನಕ, ದಿನಾ."

"ಆಗದು," ಎಂದಿತು ಪೊದೆ. "ವಸಂತದಲ್ಲಿ ಎಲ್ಲರೂ ಹೂ ಬಿಟ್ಟು ನಿಂತಾಗ ನಾನೊಬ್ಬಳು ಬೋಳಾಗಿ ನಿಲ್ಲಲೇ? ಆ ಹಾಥಾರ್ನ್ ಮರ ನನ್ನನ್ನು ನೋಡಿ ನಗುವುದನ್ನು ನೀನು ನೋಡಿಲ್ಲ."

ಹಾಥಾರ್ನ್ ಎಂದರೆ ಅದೇ ಗುಡ್ಡದಲ್ಲಿದ್ದ ಬಿಳಿ ಹೂವಿನ ಮರ. ಸ್ವಲ್ಪ ಜಂಬದ ಮರ.

ಸೈವಳ ಕೈಯಲ್ಲಿ ಕುಡುಗೋಲು ಇತ್ತು. ಕೇಳದೆಯೇ ಕೊಯ್ದುಬಿಡಬಹುದಿತ್ತು. ಆದರೆ ಆಗಿನ ಕಾಲದಲ್ಲಿ ಗಿಡಗಳು ಮಾತಾಡುತ್ತಿದ್ದವು; ಬೇಡ ಎಂದು ಬಾಯಿಬಿಟ್ಟು ಹೇಳಿದವರನ್ನು ಕೊಯ್ಯುವುದು ಹೇಗೆ? ಅವಳು ಬರಿಗೈಯಲ್ಲಿ ಕೆಳಗಿಳಿದಳು.

ಅವಳು ಹೋದ ಮೇಲೆ ಪೊದೆಗೆ ಸಮಾಧಾನವಿರಲಿಲ್ಲ. ಕಡಲಿನಿಂದ ಬರುವ ಪಡುವಣ ಗಾಳಿಯನ್ನು ಕರೆಯಿತು.

"ಗಾಳಿಯಣ್ಣ, ಆ ಮುದುಕಿಯ ಮನೆಗೆ ಹೋಗಿ ನೋಡಿ ಬಾ. ಅವಳು ಹೇಳಿದ್ದು ನಿಜವೋ, ಸುಮ್ಮನೆ ಹೇಳಿದ್ದೋ ತಿಳಿಯಬೇಕು."

ಗಾಳಿ ಇಳಿದು ಹೋಯಿತು. ಚಾವಣಿಯಲ್ಲಿ ತೂತು ಇದ್ದದ್ದರಿಂದ ಒಳಗೆ ಹೋಗುವುದು ಕಷ್ಟವಾಗಲಿಲ್ಲ. ಸ್ವಲ್ಪ ಹೊತ್ತಿಗೆ ತಿರುಗಿ ಬಂತು.

"ಏನು ಕಂಡೆ?"

"ಒಲೆ ಅರ್ಧ ಆರಿದೆ. ಹಸು ಉಳಿದ ಅರ್ಧವನ್ನು ನೋಡುತ್ತಾ ಮಲಗಿದೆ. ಒಂದು ಸಣ್ಣ ಹುಡುಗಿ ಹಸುವಿನ ಹೊಟ್ಟೆಗೆ ಕಿವಿ ಇಟ್ಟುಕೊಂಡು ಕೂತಿದ್ದಾಳೆ."

"ಹೊಟ್ಟೆಗೆ ಕಿವಿ ಏಕೆ?"

"ಒಳಗೆ ಕರು ಇದೆಯಲ್ಲ. ಅದು ಒದೆಯುವುದನ್ನು ಕೇಳುತ್ತಾಳೆ. ನಾನೂ ಕಿವಿಯಿಟ್ಟೆ. ಮೆಲ್ಲಗೆ ಒದೆಯುತ್ತದೆ. ತುಂಬಾ ಮೆಲ್ಲಗೆ."

ಪೊದೆ ಮುಳ್ಳುಗಳ ನಡುವೆ ಮುದುಡಿ ಕೂತ ತನ್ನ ಮೊಗ್ಗುಗಳನ್ನು ನೋಡಿಕೊಂಡಿತು. ಅವೂ ಹೊರಗೆ ಬರುವ ದಿನಕ್ಕಾಗಿ ಕಾಯುತ್ತಿದ್ದವು.

"ಹಾಗಾದರೆ ಅದೂ ಮೊಗ್ಗೇ," ಎಂದಿತು ಕೊನೆಗೆ. "ಹೋಗು ಗಾಳಿಯಣ್ಣ. ಕುಡುಗೋಲು ತೆಗೆದುಕೊಂಡು ಬಾ ಅಂತ ಮುದುಕಿಗೆ ಹೇಳು."

ಅಂದಿನಿಂದ ಸೈವ್ ದಿನಾ ಗುಡ್ಡ ಹತ್ತಿದಳು. ದಿನಾ ಕೊಯ್ದಳು, ದಿನಾ ಹೊತ್ತಳು, ದಿನಾ ಜಜ್ಜಿದಳು. ದಬ್ ದಬ್ ಸದ್ದು ಕೇಳಿ ಊರಿನವರು ಬಂದರು. ಫಿಂತಾನ್ ತನ್ನ ಕೊಡತಿ ತನಗೇ ಬೇಕೆಂದು ವಾಪಸು ಕೇಳಲು ಬಂದವನು, ಅದರ ಬದಲು ತಾನೇ ಕೂತು ಜಜ್ಜತೊಡಗಿದ. ಮನೆಮನೆಯ ದನಕ್ಕೂ ಕುದುರೆಗೂ ಅದೇ ಮೇವಾಯಿತು. ಬಲಿತ ಕೊಂಬೆಗಳು ಒಲೆಗೆ ಹೋದವು. ಅವು ಚಟಚಟನೆ ಚೆನ್ನಾಗಿ ಉರಿಯುತ್ತವೆ. ಎಳೆಯದು ಹಸುವಿಗೆ, ಬಲಿತದ್ದು ಬೆಂಕಿಗೆ, ಜಜ್ಜಿ ಉಳಿದದ್ದು ಚಾವಣಿಗೆ. ಬಾನ್ಯ ಮತ್ತೆ ಬೆಂಕಿಯನ್ನು ನೋಡುತ್ತಾ ಮೆಲುಕು ಹಾಕಿದಳು.

ಗುಡ್ಡದ ಮೇಲೆ ಪೊದೆ ಮಾತ್ರ ದಿನದಿನಕ್ಕೆ ಗಿಡ್ಡವಾಯಿತು.

ಅಂಥ ಚಳಿಗಾಲಕ್ಕೂ ಒಂದು ಕೊನೆ ಇರುತ್ತದೆ ಎಂಬುದು ಆ ವರ್ಷವೇ ಗೊತ್ತಾದದ್ದು. ಮೊದಲು ಮಂಜು ಚದುರಿತು. ಆಮೇಲೆ ಹುಲ್ಲಿನ ಮೂತಿ ಕಂಡಿತು. ಆಮೇಲೆ ಹಾಥಾರ್ನ್ ಮರದ ತುಂಬಾ ಬಿಳಿ ಹೂ ಬಿಟ್ಟಿತು. ಬಾನ್ಯ ಕರು ಹಾಕಿದಳು. ಅವಳಂತೆಯೇ ಕಪ್ಪು, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಸೈವ್ ಗಿಣ್ಣು ಕಾಯಿಸಿದಳು. ಗಿಣ್ಣು ನಮಗೆ ಇಷ್ಟವಿರುವಂತೆ ಅವರಿಗೂ ಇಷ್ಟ. ಮೊದಲ ಬಟ್ಟಲು ರೋಶೀನಳಿಗೆ, ಎರಡನೆಯದು ಕೊಡತಿ ಕೊಟ್ಟ ಫಿಂತಾನನಿಗೆ.

ಗಾರ್ಸ್ ಪೊದೆಯಲ್ಲಿ ಒಂದು ಹೂವೂ ಇರಲಿಲ್ಲ.

"ಏನಮ್ಮ, ಈ ವರ್ಷ ಸೀರೆ ತರಲಿಲ್ಲವೇ?" ಎಂದಿತು ಹಾಥಾರ್ನ್.

ಪೊದೆಯ ಸರದಿಯ ದಿನಗಳು ಒಂದೊಂದಾಗಿ ಬಂದವು, ಒಂದೊಂದಾಗಿ ಹೋದವು. ಕೊನೆಯ ದಿನ ಸೂರ್ಯ ಗುಡ್ಡದ ಮೇಲೆ ನಿಂತು ಕೇಳಿದ. "ಗಾರ್ಸ್, ನಿನ್ನ ಹೂವೆಲ್ಲಿ?"

ಪೊದೆ ಬಾಯಿ ತೆರೆಯುವ ಮೊದಲೇ ಬಾನ್ಯ ಕರುವನ್ನು ಕರೆದುಕೊಂಡು ಗುಡ್ಡ ಹತ್ತಿ ಬಂದಳು. ಕರುವಿಗೆ ಇನ್ನೂ ಕಾಲು ಸರಿಯಾಗಿ ನಿಲ್ಲುತ್ತಿರಲಿಲ್ಲ.

"ಇವಳ ಹೂ ಇಲ್ಲಿದೆ," ಎಂದಳು ಬಾನ್ಯ.

ಕರು ಪೊದೆಯನ್ನು ಮೂಸಿತು. ಮುಳ್ಳು ಚುಚ್ಚಿತು. ಹಿಂದೆ ಸರಿಯಿತು. ಮತ್ತೆ ಮುಂದೆ ಬಂದು, ಗಿಣ್ಣು ಹಾಲು ಮೆತ್ತಿದ ನಾಲಿಗೆಯಿಂದ ಮೆಲ್ಲಗೆ ನೆಕ್ಕಿತು.

ಸೂರ್ಯ ನಡೆದದ್ದನ್ನೆಲ್ಲ ಗಾಳಿಯಿಂದ ಕೇಳಿ ತಿಳಿದುಕೊಂಡ.

"ಹೋದ ಸರದಿಯನ್ನು ತಿರುಗಿ ಕೊಡಲು ನನ್ನಿಂದ ಆಗದು," ಎಂದ. "ಕೊಟ್ಟರೆ ಎಲ್ಲರ ಸರದಿಯೂ ಗಲಿಬಿಲಿಯಾಗುತ್ತದೆ. ಬೇರೆ ಏನಾದರೂ ಕೇಳು. ಆ ಮುಳ್ಳನ್ನು ತೆಗೆದುಬಿಡಲೇ? ಎಲ್ಲರೂ ನಿನ್ನನ್ನು ಬೈಯುವುದು ಅದಕ್ಕೇ."

"ಬೇಡ," ಎಂದಿತು ಪೊದೆ ಬೇಗನೆ. "ಮುಳ್ಳು ಇಲ್ಲದಿದ್ದರೆ ಮೊಲ, ಮೇಕೆ ಎಲ್ಲ ಸೇರಿ ಬೇಸಿಗೆಯಲ್ಲೇ ನನ್ನನ್ನು ತಿಂದು ಮುಗಿಸುತ್ತವೆ. ಚಳಿಗಾಲಕ್ಕೆ ಏನೂ ಉಳಿಯುವುದಿಲ್ಲ. ಮುಳ್ಳು ಇರಲಿ. ಬೇಕಾದವರು ಬಂದು ಜಜ್ಜಿಕೊಳ್ಳಲಿ."

"ಮತ್ತೇನು ಬೇಕು?"

"ಆ ಅಜ್ಜಿಗೆ ಮಂಜಿನಲ್ಲಿ ನಾನು ಕಾಣುವುದಿಲ್ಲ. ಕೈಗೆ ಚುಚ್ಚಿದಾಗಲೇ ನಾನು ಸಿಕ್ಕಿದ್ದು ಅವಳಿಗೆ ಗೊತ್ತಾಗುವುದು. ಚಳಿಗಾಲದಲ್ಲಿ ಒಂದೆರಡು ಹೂ ಬಿಡಲು ಬಿಟ್ಟರೆ ದೂರದಿಂದಲೇ ಕಂಡೇನು."

ಸೂರ್ಯ ಯೋಚಿಸಿದ. "ಚಳಿಗಾಲದಲ್ಲಿ ನನ್ನ ಹತ್ತಿರ ಬಿಸಿಲು ಕಡಿಮೆ."

"ಬಿಸಿಲು ಕಡಿಮೆಯಿದ್ದರೆ ಹೂ ಕಡಿಮೆ ಬಿಡುತ್ತೇನೆ."

ಸೂರ್ಯನಿಗೆ ಈ ಮಾತು ಇಷ್ಟವಾಯಿತು. "ಸರಿ. ಇನ್ನು ನಿನಗೆ ಸರದಿಯೇ ಇಲ್ಲ. ಯಾವಾಗ ಕೈಲಾಗುತ್ತದೋ ಆವಾಗ ಬಿಡು. ವಸಂತದಲ್ಲಿ ಮೈತುಂಬಾ ಬಿಡು, ಚಳಿಗಾಲದಲ್ಲಿ ಒಂದೆರಡು ಬಿಡು. ಯಾರೂ ಕೇಳುವುದಿಲ್ಲ."

ಅವನು ಹೇಳಿ ಮುಗಿಸುವುದರೊಳಗೆ, ಕರು ನೆಕ್ಕಿದ ಜಾಗದಲ್ಲಿ ಒಂದು ಹಳದಿ ಹೂ ಅರಳಿತು. ಅದಕ್ಕೆ ಹಾಲಿನ ಹಾಗೆ ಸಿಹಿಯಾದ ವಾಸನೆ ಇತ್ತು. ನಿಜ ಹೇಳಬೇಕೆಂದರೆ ಅದು ಕೊಬ್ಬರಿಯ ವಾಸನೆ. ಐರ್ಲೆಂಡಿನಲ್ಲಿ ತೆಂಗಿನ ಮರ ಇಲ್ಲದ್ದರಿಂದ ಅಲ್ಲಿಯವರಿಗೆ ಅದು ಯಾವ ವಾಸನೆ ಎಂದು ಹೇಳಲು ಆಗಲಿಲ್ಲ. ರೋಶೀನ್ ಮಾತ್ರ ಅದನ್ನು ಮೂಸಿ, "ಕರುವಿನ ಬಾಯಿ ವಾಸನೆ," ಎಂದಳು.

ಮುಂದಿನ ಬೇಸಿಗೆಯಿಂದ ಊರಿನವರು ಕೊಯ್ದ ಹುಲ್ಲಿನಲ್ಲಿ ಅರ್ಧವನ್ನು ಒಣಗಿಸಿ ದನಗಳಿಗೆಂದು ಬಣವೆ ಒಟ್ಟಿದರು. ಬಣವೆ ಮುಗಿದ ಮೇಲೆ ಗುಡ್ಡದ ಕಡೆ ನೋಡಿದರು. ಬೂದು ಮಂಜಿನ ನಡುವೆ ಒಂದು ಹಳದಿ ಚುಕ್ಕೆ ಕಾಣುತ್ತಿತ್ತು. ಸೈವ್ ಕುಡುಗೋಲು ಹಿಡಿದು ಅದನ್ನೇ ನೋಡುತ್ತಾ ನೇರವಾಗಿ ಹತ್ತಿ ಹೋಗುತ್ತಿದ್ದಳು. ಈಗ ಕೈಗೆ ಚುಚ್ಚಿಸಿಕೊಳ್ಳುವುದು ಕೊಯ್ಯುವಾಗ ಮಾತ್ರ.

ಎಷ್ಟೋ ಕಾಲದ ಮೇಲೆ ಯಾರೋ ಆ ಪೊದೆಯನ್ನು ಹಡಗಿನಲ್ಲಿ ತಂದು ನಮ್ಮ ನೀಲಗಿರಿಯಲ್ಲೂ ನೆಟ್ಟರು. ನೀವು ಊಟಿಗೆ ಹೋದಾಗ, ಚಳಿಗೆ ಸ್ವೆಟರ್ ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಾಗ, ಮುಳ್ಳಿನ ಪೊದೆಯಲ್ಲಿ ಹಳದಿ ಹೂ ಕಂಡರೆ ಹತ್ತಿರ ಹೋಗಿ, ಕೈ ಜೋಪಾನ, ಮೆಲ್ಲಗೆ ಮೂಸಿ ನೋಡಿ: ಇಂದಿಗೂ ಗಾರ್ಸ್ ಎಲ್ಲ ತಿಂಗಳಲ್ಲೂ ಒಂದಾದರೂ ಹೂ ಬಿಟ್ಟುಕೊಂಡು ನಿಂತಿರುವುದು ಮಂಜಿನಲ್ಲಿ ಮೇವು ಹುಡುಕಿ ಬರುವವರಿಗೆ ದಾರಿ ತೋರಿಸಲು, ಮತ್ತು ಆ ಹೂವಿಗೆ ಇರುವ ಕೊಬ್ಬರಿಯ ವಾಸನೆ ಅಂದು ಹಸಿದು ಹುಟ್ಟಬೇಕಾಗಿದ್ದರೂ ಹೊಟ್ಟೆ ತುಂಬಿ ಹುಟ್ಟಿದ ಕರುವಿನ ಬಾಯಿಯದು.